ಜೌಗುಕೋಳಿಯ ಎರಡನೇ ಸಾಕ್ಷಿ

ಮಾರ್ಚ್ 4

ಗೂಬೆಗೆ,

ಹೇಗಿದ್ದೀಯ ಏನು ಎಂತ ಎಲ್ಲ ಕೊನೆಗೆ ಕೇಳುತ್ತೇನೆ, ಮೊದಲು ಕೆಲಸದ ಮಾತು. ಈ ಕಾಗದದ ಜೊತೆ ಒಂದು ಫಾರಂ ಇದೆ. ಮಡಿಸಿ ಎಲ್ಲೋ ಸಿಕ್ಕಿಸಿ ಮರೆಯಬೇಡ.

ನಮ್ಮ ಜಿಲ್ಲಾ ಪಕ್ಷಿಕೂಟಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದಾರೆ. ಹಲ್ಲಿನ ಡಾಕ್ಟರು. ಹಲ್ಲು ಕಿತ್ತು ಅಭ್ಯಾಸವಾದ ಕೈ ಸುಮ್ಮನಿರುತ್ತದೆಯೇ? ಬಂದ ತಿಂಗಳಿಗೇ ಹಳೆಯ ದಾಖಲೆಗಳನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದಾರೆ. ಜಿಲ್ಲೆಯ ಹಕ್ಕಿಗಳ ಪಟ್ಟಿ ಪುಸ್ತಕವಾಗಿ ಅಚ್ಚಾಗುತ್ತದಂತೆ. ಇಲ್ಲಿಯವರೆಗೆ ಒಂದೇ ಒಂದು ಸಲ ಕಂಡ ಹಕ್ಕಿಗಳಿಗೆಲ್ಲ ಸಾಕ್ಷಿಗಳು ಹೊಸದಾಗಿ ಬರೆದುಕೊಡಬೇಕಂತೆ.

ನೀನು ನನ್ನ ಜೊತೆ ತಿರುಗುವುದನ್ನು ಬಿಟ್ಟು ಇಪ್ಪತ್ತಮೂರು ವರ್ಷವಾಯಿತು, ನಿಯಮ ಮರೆತಿರಬಹುದು. ನಮ್ಮ ಜಿಲ್ಲೆಯ ಗಡಿಯೊಳಗೆ ಕಂಡ ಹಕ್ಕಿ ಮಾತ್ರ ಪಟ್ಟಿಗೆ ಸೇರುತ್ತದೆ. ಮಾಮೂಲು ಹಕ್ಕಿಗೆ ಕಂಡವರ ಬಾಯಿಮಾತು ಸಾಕು. ಜಿಲ್ಲೆಗೇ ಹೊಸದಾದರೆ ಮಾತ್ರ ಇಬ್ಬರು ಸಾಕ್ಷಿ ಬೇಕು. ಬಿಳಿಯಂಚಿನ ಜೌಗುಕೋಳಿ ಈ ಜಿಲ್ಲೆಯಲ್ಲಿ ಒಂದೇ ಸಲ ಕಂಡದ್ದು, ಇಪ್ಪತ್ತನಾಲ್ಕು ವರ್ಷದ ಹಿಂದೆ, ಪಂಪ್‌ಹೌಸಿನ ಹಿಂದಿನ ಜೌಗಿನಲ್ಲಿ. ಮೊದಲನೇ ಸಾಕ್ಷಿ ನಾನು. ಎರಡನೆಯದು ನೀನು, ಆಗ ನಿನಗೆ ಹನ್ನೆರಡು.

ಆ ಒಂದು ಹಕ್ಕಿ ಹೋದರೆ ಹೋಗಲಿ ಬಿಡು ಎನ್ನುವ ಹಾಗಿಲ್ಲ. ನನ್ನ ಪಟ್ಟಿ ಈಗ ಮುನ್ನೂರ ಹದಿನೇಳು, ಜಿಲ್ಲೆಯಲ್ಲೇ ಉದ್ದದ್ದು. ನನ್ನ ಹಿಂದೆ ಪೋಸ್ಟ್‌ಮಾಸ್ತರು ಮುನ್ನೂರ ಒಂಬತ್ತರಲ್ಲಿ ಏದುಸಿರು ಬಿಡುತ್ತಿದ್ದಾರೆ. ಆ ಮುನ್ನೂರ ಹದಿನೇಳರಲ್ಲಿ ನಲವತ್ತೊಂದು ಜೊತೆಗೆ ಯಾರೂ ಇಲ್ಲದಾಗ ನಾನೊಬ್ಬಳೇ ಕಂಡವು. ಮೂವತ್ತು ವರ್ಷ ನೀರಿನ ಮೀಟರ್ ಓದುತ್ತಾ ಊರೂರು ಕಾಲಲ್ಲಿ ಸುತ್ತಿದವಳು ಯಾರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಲಿ? ಅವೆಲ್ಲ ನಿಂತಿರುವುದು ನನ್ನ ಮಾತಿನ ಮೇಲೆ. ಜೌಗುಕೋಳಿ ಸುಳ್ಳು ಎಂದಾದರೆ ಆ ನಲವತ್ತೊಂದನ್ನೂ ಕೆದಕುತ್ತಾರೆ.

ಅಂದು ಏನು ಕಂಡೆ ಎಂಬುದನ್ನು ನಿನ್ನ ಮಾತಿನಲ್ಲಿ, ನಿನ್ನ ಕೈಬರಹದಲ್ಲಿ ಬರೆಯಬೇಕು. ನಾನು ಹೇಳಿಕೊಡಬಾರದು, ನೀನು ಕೇಳಬಾರದು. ಜೂನ್ ಮೂವತ್ತು ಕೊನೆಯ ದಿನ. ಫೋನ್ ಮಾಡಬೇಡ. ಫೋನಿನಲ್ಲಿ ನೀನು ಬರೀ ಹೂಂ ಹೂಂ ಅನ್ನುತ್ತೀಯ.

ಈಗ ಹೇಳು, ಹೇಗಿದ್ದೀಯ?

ಅತ್ತೆ

*

ಮಾರ್ಚ್ 23

ಪ್ರೀತಿಯ ಅತ್ತೆ,

ಕಾಗದ ಬಂದು ಎರಡು ವಾರವಾಯಿತು, ಉತ್ತರ ತಡವಾಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿ. ಶಾಲೆಗಳಲ್ಲಿ ಕಣ್ಣಿನ ತಪಾಸಣೆ ನಡೆದಿದೆ, ಮಕ್ಕಳ ಕನ್ನಡಕದ ಚೀಟಿಗಳು ರಾಶಿ ಬಿದ್ದಿವೆ. ಬೆಳಗಿನಿಂದ ಸಂಜೆಯ ತನಕ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಮೆಷಿನ್ನಿನ ಮುಂದೆ ನಿಂತಿರುತ್ತೇನೆ. ಮನೆಗೆ ಬಂದರೂ ಕಿವಿಯಲ್ಲಿ ಅದೇ ಕರಕರ. ಇವಳು ಕೂಗಿದರೂ ಕೇಳಿಸುವುದಿಲ್ಲ. ಬೇಕಂತಲೇ ಹೀಗೆ ಮಾಡುತ್ತೇನೆ ಎಂದು ಜಗಳಕ್ಕೆ ಬರುತ್ತಾಳೆ.

ಫಾರಂ ಸಿಕ್ಕಿದೆ. ಮೇಜಿನ ಮೇಲೇ ಇದೆ. ಬರೆಯುತ್ತೇನೆ.

ಒಂದು ಮಾತು ಕೇಳಲೇ? ಎರಡನೇ ಸಾಕ್ಷಿ ಏನನ್ನೂ ಬರೆದು ಕಳಿಸದಿದ್ದರೆ ಏನಾಗುತ್ತದೆ? ಕಳಿಸುವುದಿಲ್ಲ ಎಂದು ಅಲ್ಲ, ಸುಮ್ಮನೆ ಕೇಳಿದೆ. ಇನ್ನೊಂದು, ಹನ್ನೆರಡು ವರ್ಷದವನ ಸಾಕ್ಷಿಯನ್ನು ಈಗಿನವರು ಒಪ್ಪುತ್ತಾರೆಯೇ? ಅಷ್ಟು ಚಿಕ್ಕವನು ಹೇಳಿದ್ದಕ್ಕೆ ಬೆಲೆ ಏನು ಎಂದು ಯಾರಾದರೂ ಕೇಳಿದರೆ?

ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ.

ನಿನ್ನ
ಗೂಬೆ

*

ಏಪ್ರಿಲ್ 7

ಗೂಬೆಗೆ,

ಮೊಣಕಾಲು ಇದ್ದಲ್ಲೇ ಇದೆ. ನೀನು ವಿಷಯಕ್ಕೆ ಬಾ.

ಸಾಕ್ಷಿ ಬರೆಯದಿದ್ದರೆ ದಾಖಲೆ ‘ಸಾಬೀತಾಗಿಲ್ಲ’ ಎಂದು ಬಿದ್ದುಹೋಗುತ್ತದೆ. ಎರಡನೇ ಸಾಕ್ಷಿ ಬದುಕಿದ್ದೂ ಯಾಕೆ ಬರೆಯಲಿಲ್ಲ ಎಂದು ಆಮೇಲೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅದು ಸುಳ್ಳು ಎನ್ನುವುದಕ್ಕಿಂತ ಹತ್ತು ಪಾಲು ಕೆಟ್ಟದ್ದು. ವಯಸ್ಸಿನ ನಿಯಮ ಯಾವುದೂ ಇಲ್ಲ. ನೀನು ಅಂದು ಪೆನ್ಸಿಲಿನಲ್ಲಿ ಬರೆದ ಮೂರು ಸಾಲು ಕೂಟದ ಕಪಾಟಿನಲ್ಲಿ ಇನ್ನೂ ಇದೆ. ಎಂಥ ದುಂಡು ಅಕ್ಷರ!

ಹೋದ ಭಾನುವಾರ ಹೊಳೆಯ ಸೇತುವೆಗೆ ಹೋಗಿದ್ದೆವು. ಜಿಲ್ಲೆಯ ಗಡಿ ಸೇತುವೆಯ ಸರಿಮಧ್ಯಕ್ಕೆ ಇದೆ, ಗೊತ್ತಲ್ಲ. ಆಚೆ ದಡದಲ್ಲಿ ಒಂದು ಮೀನುಗಿಡುಗ ಕೂತಿತ್ತು. ಪೋಸ್ಟ್‌ಮಾಸ್ತರಿಗೆ ಈ ವರ್ಷದ ಪಟ್ಟಿಗೆ ಅದು ಬೇಕು. ಎರಡು ಗಂಟೆ ಗಡಿಗೆರೆಯ ಮೇಲೆ ನಿಂತು, ‘ಬಾರೇ, ಈ ಕಡೆ ಒಂದು ಸುತ್ತು ಬಂದು ಹೋಗೇ’ ಎಂದು ಅಂಗಲಾಚಿದರು. ಅದು ಬೆನ್ನು ತಿರುಗಿಸಿ ಆಚೆಗೇ ಹಾರಿಹೋಯಿತು. ನಾನು ನಕ್ಕ ರಭಸಕ್ಕೆ ಫ್ಲಾಸ್ಕಿನ ಮುಚ್ಚಳ ಹೊಳೆಗೆ ಬಿತ್ತು. ಆದರೆ ಅವರನ್ನು ಮೆಚ್ಚಬೇಕು, ಕಂಡೆ ಎಂದು ಬರೆದುಕೊಳ್ಳಲಿಲ್ಲ. ಈ ಕಡೆ ಬಂತು ಎಂದು ಹೇಳಿಬಿಟ್ಟಿದ್ದರೆ ಕೇಳುವವರು ಯಾರಿದ್ದರು?

ಬರೆಯುವುದಕ್ಕೆ ನಾಲ್ಕು ಸಾಲು. ಅದಕ್ಕೂ ಮೀನಮೇಷ ಎಣಿಸುತ್ತಿದ್ದೀಯಲ್ಲ, ಏನು ಸಮಾಚಾರ?

ಅತ್ತೆ

*

ಮೇ 2

ಅತ್ತೆ,

ಬೇಜಾರು ಮಾಡಿಕೊಳ್ಳಬೇಡ. ಫಾರಂ ಮೇಲೆ ಕಾಫಿ ಚೆಲ್ಲಿ ಅಕ್ಷರವೆಲ್ಲ ಹರಡಿಹೋಯಿತು. ಇನ್ನೊಂದು ಕಳಿಸಲು ಆಗುತ್ತದೆಯೇ? ಸಮಯ ಇದೆಯಲ್ಲ.

ಆ ವರ್ಷದ ನಿನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಬಗ್ಗೆ ಏನು ಬರೆದಿದ್ದೀಯ? ಕೇಳಬಾರದು ಎಂದು ನೀನು ಹೇಳಿದ್ದೆ, ಗೊತ್ತು.

ಗೂಬೆ

*

ಮೇ 13

ಗೂಬೆಗೆ,

ಇನ್ನೊಂದು ಫಾರಂ ಇಟ್ಟಿದ್ದೇನೆ. ಇದರ ಮೇಲೆ ಸಾರು ಚೆಲ್ಲುತ್ತೀಯೋ, ಶಾಯಿ ಚೆಲ್ಲುತ್ತೀಯೋ ನೋಡೋಣ.

ನೀನು ಕಾಫಿ ಕುಡಿಯುವುದನ್ನು ಬಿಟ್ಟು ಆರು ವರ್ಷವಾಯಿತು. ಹೊಟ್ಟೆಯುರಿ ಎಂದು ನೀನೇ ಬರೆದಿದ್ದೆ.

ನೋಟ್‌ಬುಕ್ಕು ಬೇಕೆಂದು ಡಾಕ್ಟರೂ ಕೇಳುತ್ತಿದ್ದಾರೆ. ಮೂರು ಸಲ ಕೇಳಿದರು. ಹುಡುಕುತ್ತಿದ್ದೇನೆ, ಸಿಕ್ಕಿಲ್ಲ ಎಂದಿದ್ದೇನೆ. ಮೊನ್ನೆ ಸಭೆಯಲ್ಲಿ ಪೋಸ್ಟ್‌ಮಾಸ್ತರು ಎಲ್ಲರ ಮುಂದೆ, ‘ನಿಮ್ಮ ಪುಸ್ತಕ ಕಳೆದುಹೋಯ್ತಾ? ನಿಮ್ಮದಾ?’ ಎಂದು ಎರಡೆರಡು ಸಲ ಕೇಳಿದರು. ಅವರು ತಮಾಷೆಗೆ ಕೇಳಿದರೋ, ಬೇರೇನಾದರೂ ಮನಸ್ಸಿನಲ್ಲಿತ್ತೋ, ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ.

ಈಚೆಗೆ ಬೆಳಿಗ್ಗೆ ಎದ್ದರೆ ಹಕ್ಕಿಯ ಕೂಗಿಗೂ ಮುಂಚೆ ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಡುತ್ತೇನೆ. ಅವನು ಗೇಟಿನ ಮುಂದೆ ನಿಂತರೆ ಎದೆ ಧಸಕ್ಕೆನ್ನುತ್ತದೆ, ನಿಲ್ಲದೆ ಹೋದರೆ ಇನ್ನೂ ಹೆಚ್ಚು. ಊಟ ಸೇರುತ್ತಿಲ್ಲ. ಈ ವಯಸ್ಸಿನಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದು ಕೂತಂತಾಗಿದೆ.

ಬರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಇಲ್ಲ, ಹಾಗಲ್ಲ. ಬರಿ.

ಅತ್ತೆ

*

ಜೂನ್ 3

ಅತ್ತೆ,

ಕಾಫಿ ಸುಳ್ಳು. ಫಾರಂ ಚೆನ್ನಾಗಿಯೇ ಇತ್ತು. ಈಗ ಎರಡೂ ಪಕ್ಕಪಕ್ಕ ಇವೆ, ಎರಡೂ ಖಾಲಿ.

ಹೇಳಿಬಿಡುತ್ತೇನೆ. ಆ ಹಕ್ಕಿಯನ್ನು ನಾನು ನೋಡಲಿಲ್ಲ.

ಅಂದು ಆ ಜೌಗಿನ ಹತ್ತಿರ ದುರ್ಬೀನು ನೋಡುವ ಸರದಿ ನನ್ನದಾಗಿತ್ತು. ನೀನು ನಿನ್ನ ಕೊರಳಿನಿಂದ ಅದರ ಬಾರು ತೆಗೆದು ನನ್ನ ಕೊರಳಿಗೆ ಹಾಕಿದೆ. ಅಷ್ಟರಲ್ಲಿ ಹುಲ್ಲಿನಿಂದ ಏನೋ ಎದ್ದು ಪಟಪಟ ಹಾರಿತು. ನಾನು ದುರ್ಬೀನು ಕಣ್ಣಿಗಿಟ್ಟೆ. ಒಳಗೆ ಹಸಿರು ಬಿಟ್ಟರೆ ಏನೂ ಇರಲಿಲ್ಲ, ನೀರಿಗೆ ಬಿದ್ದ ಬಣ್ಣದ ಹಾಗೆ ಕಲಸಿದ ಹಸಿರು. ನೋಟ ಸ್ಪಷ್ಟ ಮಾಡುವ ತಿರುಪು ನಿನ್ನ ಕಣ್ಣಿಗೆ ಹೊಂದಿಸಿದ್ದು, ಅದನ್ನು ತಿರುಗಿಸಿಕೊಳ್ಳಬೇಕು ಎಂದು ನನಗೆ ಗೊತ್ತಿರಲಿಲ್ಲ. ದುರ್ಬೀನಿನಲ್ಲಿ ಎಲ್ಲರಿಗೂ ಹೀಗೇ ಕಾಣುತ್ತದೆ, ಆ ಮಬ್ಬಿನಲ್ಲಿ ಹಕ್ಕಿಯ ಹೆಸರು ಹೇಳುವುದೇ ಜಾಣತನ ಎಂದುಕೊಂಡಿದ್ದೆ. ಅದಕ್ಕೇ ನೀನು ಹೇಳಿದ ಹೆಸರಿಗೆಲ್ಲ ತಲೆಯಾಡಿಸುತ್ತಿದ್ದೆ.

ನೀನು ನನ್ನ ಭುಜ ಹಿಡಿದು ಬಗ್ಗಿ ಕೇಳಿದೆ: ‘ರೆಕ್ಕೆ ಹಿಂದೆ ಬಿಳಿ ಅಂಚು ಕಾಣ್ತೇನೋ? ಕಾಣ್ತು ತಾನೆ?’

ದೂರದ್ದು ಯಾವುದೂ ಕಾಣದಿದ್ದರೂ ಹತ್ತಿರದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ನಿನ್ನ ಮುಖ ಒಂದು ಗೇಣು ದೂರದಲ್ಲಿತ್ತು. ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಆ ಮುಖಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ‘ಹೂಂ, ಕಾಣ್ತು’ ಎಂದೆ. ನೀನು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ. ನಮ್ಮ ಮನೆಯಲ್ಲಿ ಅಷ್ಟು ಮಂದಿ ಮಕ್ಕಳಿದ್ದರೂ ನೀನು ಕರೆದುಕೊಂಡು ಹೋಗುತ್ತಿದ್ದದ್ದು ನನ್ನೊಬ್ಬನನ್ನೇ. ಮುಂದಿನ ಭಾನುವಾರವೂ ಕರೆದುಕೊಂಡು ಹೋಗಲಿ ಎಂದಷ್ಟೇ ನನಗಿದ್ದದ್ದು.

ಎಂಟು ತಿಂಗಳಾದ ಮೇಲೆ ಬೋರ್ಡಿನ ಅಕ್ಷರ ಕಾಣುವುದಿಲ್ಲ ಎಂದು ಮೇಷ್ಟ್ರು ಮನೆಗೆ ಚೀಟಿ ಕಳಿಸಿದರು. ಅಪ್ಪ ಕನ್ನಡಕ ಕೊಡಿಸಿದ. ಅಂಗಡಿಯ ಮೆಟ್ಟಿಲಿಳಿದು ತಲೆಯೆತ್ತಿದರೆ ರಸ್ತೆಯಾಚೆಯ ಮರದಲ್ಲಿ ಎಲೆಗಳು ಒಂದೊಂದೇ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅಪ್ಪ ಖುಷಿಯಿಂದ ನಗುತ್ತಿದ್ದ. ನೋಡುವುದು ಎಂದರೆ ಇದು, ನಾನು ಆ ಹಕ್ಕಿಯನ್ನು ನೋಡಿಲ್ಲ ಎಂದು ಅಲ್ಲೇ ನಿಂತು ತಿಳಿಯಿತು.

ಆಮೇಲೆ ನಾನು ನಿನ್ನ ಜೊತೆ ಬರಲಿಲ್ಲ. ಓದುವುದಿದೆ, ಜ್ವರ, ಆಟ ಎಂದು ಏನೇನೋ ನೆಪ ಹೇಳಿದೆ. ಇನ್ನೊಂದು ಸಲ ಆ ಜೌಗಿನ ಮುಂದೆ ನಿಂತರೆ ನೀನು ನನ್ನ ಮುಖ ನೋಡಿ ಕಂಡುಹಿಡಿಯುತ್ತೀಯ ಎಂದು ಹೆದರಿಕೆ. ಈಗ ನೆನೆಸಿಕೊಂಡರೆ ಅದೇ ಹೆಚ್ಚು ಸಂಕಟ. ಸುಳ್ಳು ಹೇಳಿದ್ದು ನಿನ್ನ ಜೊತೆ ಬರಬೇಕೆಂದು, ಅದೇ ಸುಳ್ಳಿಗೆ ಹೆದರಿ ಬರುವುದನ್ನೇ ಬಿಟ್ಟೆ.

ಈಗ ಹೇಳು, ನಾನೇನು ಮಾಡಲಿ? ಕಂಡೆ ಎಂದು ಬರೆದರೆ ಮೂವತ್ತಾರು ವರ್ಷದವನು ತಿಳಿದೂ ತಿಳಿದೂ ಸುಳ್ಳು ಬರೆದಂತೆ. ಕಂಡಿಲ್ಲ ಎಂದು ಬರೆದರೆ ನಿನ್ನ ನಲವತ್ತೊಂದು ಹಕ್ಕಿಗೂ ಕಲ್ಲು ಬೀಳುತ್ತದೆ. ನೀನು ಅದನ್ನು ನಿಜವಾಗಿ ನೋಡಿದ್ದೀಯ, ಅದು ನನಗೆ ಗೊತ್ತು. ನನ್ನಿಂದಾಗಿ ನೀನು ಸುಳ್ಳುಗಾರ್ತಿ ಎನಿಸಿಕೊಳ್ಳುತ್ತೀಯ ಎಂಬುದೇ ಯೋಚನೆ. ಮೊನ್ನೆ ಒಂದು ಮಗುವಿನ ಗಾಜನ್ನು ತಪ್ಪು ಅಳತೆಗೆ ಕೊರೆದುಬಿಟ್ಟೆ.

ನಿನ್ನ ಉತ್ತರ ಬರುವ ತನಕ ಏನನ್ನೂ ಕಳಿಸುವುದಿಲ್ಲ. ಬೈದಾದರೂ ಬರಿ.

ನಿನ್ನ ಅಳಿಯ

*

ಜೂನ್ 17

ಅತ್ತೆ,

ಎರಡು ವಾರವಾಯಿತು. ನಾಲ್ಕು ಸಲ ಫೋನ್ ಮಾಡಿದೆ. ರಿಂಗಾಗಿ ಆಗಿ ನಿಲ್ಲುತ್ತದೆ. ನಿನ್ನ ಪಕ್ಕದ ಮನೆಯ ಟೈಲರಮ್ಮನಿಗೆ ಮಾಡಿದರೆ, ‘ಚೆನ್ನಾಗೇ ಇದ್ದಾರಪ್ಪ, ಬೆಳಿಗ್ಗೆ ಬಟ್ಟೆ ಒಣಗಿಸ್ತಿದ್ರು. ಮಾತಿಗೆ ಮಾತ್ರ ಸಿಗ್ತಿಲ್ಲ’ ಎಂದರು. ಆರೋಗ್ಯವಾಗಿದ್ದೂ ಬರೆಯುತ್ತಿಲ್ಲ ಎಂದರೆ ಅದು ಕೋಪವೇ ಎಂದುಕೊಂಡಿದ್ದೇನೆ.

ಕೋಪವಿದ್ದರೆ ಕೋಪ ಎಂದು ಒಂದು ಸಾಲು ಬರಿ. ಸುಮ್ಮನಿರಬೇಡ, ತಡೆಯಲಾಗುತ್ತಿಲ್ಲ.

ಗೂಬೆ

*

ಜೂನ್ 19

ಗೂಬೆಗೆ,

ಕೋಪವಲ್ಲ. ಕೋಪ ಬಂದಿದ್ದರೆ ಅಂದೇ ನಾಲ್ಕು ಹಾಳೆ ಬರೆದು ನಿನ್ನ ಕಿವಿ ಹಿಂಡುತ್ತಿದ್ದೆ. ಬರೆಯಲು ಮುಖವಿರಲಿಲ್ಲ.

ಆ ಹಕ್ಕಿಯನ್ನು ನಾನೂ ನೋಡಲಿಲ್ಲ ಕಣೋ.

ದುರ್ಬೀನು ನಿನ್ನ ಹತ್ತಿರವಿತ್ತು. ಬಿಸಿಲು ನನ್ನ ಕಣ್ಣಿಗೆ ನೇರ. ಹುಲ್ಲಿನಿಂದ ಒಂದು ಕಪ್ಪು ಮುದ್ದೆ ಎದ್ದು ಕಪ್ಪಾಗಿಯೇ ಬಿದ್ದದ್ದನ್ನು ಕಂಡೆ. ಜೌಗುಕೋಳಿ ಎಂದು ಹಾರಿದ ರೀತಿಯಲ್ಲೇ ಗೊತ್ತಾಯಿತು. ಮಾಮೂಲಿನದೋ, ಬಿಳಿಯಂಚಿನದೋ ಎಂದು ಹೇಳಲು ಆ ಅಂಚನ್ನು ನೋಡಲೇಬೇಕು, ನಾನು ನೋಡಲಿಲ್ಲ. ದುರ್ಬೀನು ಹಿಡಿದವನು ನೀನು, ಹನ್ನೆರಡರ ಕಣ್ಣು. ಏನು ಕಾಣ್ತೋ ಎಂದು ಕೇಳಬೇಕಿತ್ತು. ಬಿಳಿ ಅಂಚು ಕಾಣ್ತಾ ಎಂದು ಕೇಳಿದೆ. ಪ್ರಶ್ನೆ ಕೇಳುತ್ತಲೇ ಉತ್ತರವನ್ನು ನಿನ್ನ ಬಾಯಿಗಿಟ್ಟೆ. ಹಕ್ಕಿ ನೋಡುವವರು ಮಾಡಬಾರದ ತಪ್ಪು ಅದೊಂದೇ, ಅದನ್ನೇ ಮಾಡಿದೆ.

ನೋಟ್‌ಬುಕ್ಕು ಎಲ್ಲೂ ಹೋಗಿಲ್ಲ, ಕಪಾಟಿನಲ್ಲಿ ತನ್ನ ಜಾಗದಲ್ಲೇ ಇದೆ. ಅದರಲ್ಲಿ ಹೀಗಿದೆ: ‘ಹುಡುಗ: ಬಿಳಿ ಅಂಚು ಸ್ಪಷ್ಟ. ನಾನು:’ ನಾನು ಎಂಬುದರ ಮುಂದೆ ಖಾಲಿ. ಕೂಟಕ್ಕೆ ಕೊಟ್ಟ ಅರ್ಜಿಯಲ್ಲಿ ಮಾತ್ರ ಇಬ್ಬರೂ ಕಂಡೆವು ಎಂದು ಬರೆದೆ. ನೀನು ಕಂಡಿದ್ದೀಯಲ್ಲ, ಹಕ್ಕಿ ಇದ್ದದ್ದಂತೂ ನಿಜ, ನನ್ನ ಹೆಸರು ಸೇರಿದರೆ ತಪ್ಪೇನು ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಿನಗೆ ಕನ್ನಡಕ ಬಂದ ವಾರ ನಿಮ್ಮ ಮನೆಗೆ ಬಂದಿದ್ದೆ. ತಮಾಷೆಗೆ ಅದನ್ನು ತೆಗೆದು ನನ್ನ ಮೂಗಿಗೇರಿಸಿಕೊಂಡೆ. ತಲೆ ಗಿರ್ರೆಂದಿತು. ಇಷ್ಟು ದಪ್ಪ ಗಾಜು ಬೇಕಾದ ಕಣ್ಣಿಗೆ ಅಂದು ಆ ಅಂಚು ಹೇಗೆ ಕಂಡಿತು ಎಂದು ಅಲ್ಲೇ ಹೊಳೆಯಿತು. ಎಲ್ಲರ ಮುಂದೆ ನಿನಗೆ ಗೂಬೆ ಎಂದು ಹೆಸರಿಟ್ಟು ಜೋರಾಗಿ ನಕ್ಕೆನಲ್ಲ, ಅದು ಹೆದರಿಕೆಯ ನಗು. ಆಮೇಲೆ ನೀನು ಬರುವುದನ್ನು ಬಿಟ್ಟೆ. ನಾನೂ ಒತ್ತಾಯ ಮಾಡಲಿಲ್ಲ. ನೀನು ಬಾರದಿದ್ದದ್ದೇ ನನಗೆ ನಿರಾಳವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಇನ್ನೂ ಒಂದಿದೆ. ಮಾರ್ಚಿನಿಂದ ನಾನು ಅಂಚೆಯವನಿಗೆ ಕಾದದ್ದು ನೀನು ಬರೆಯುವುದಿಲ್ಲವೇನೋ ಎಂಬ ಹೆದರಿಕೆಗೆ ಮಾತ್ರವಲ್ಲ. ಕಂಡೆ ಎಂದು ನೀನು ಬರೆದುಕೊಟ್ಟಿದ್ದರೆ ನಾನು ಸುಮ್ಮನೆ ತೆಗೆದುಕೊಳ್ಳುತ್ತಿದ್ದೆ. ನಿನ್ನ ಸುಳ್ಳನ್ನು ಮತ್ತೊಮ್ಮೆ ಕೂಟಕ್ಕೆ ಒಪ್ಪಿಸಿ, ಪುಸ್ತಕದಲ್ಲಿ ಅಚ್ಚಾಗುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ನಾನು ಅಂಥವಳು ಎಂದು ನನಗೆ ಈ ಮೂರು ತಿಂಗಳಲ್ಲಿ ಗೊತ್ತಾಯಿತು. ಊಟ ಸೇರದಿದ್ದದ್ದು ಅದಕ್ಕೇ.

ಫಾರಂ ತುಂಬು. ಅಂದು ಕಂಡದ್ದನ್ನು ಕಂಡ ಹಾಗೆ ಬರಿ. ನಾನು ನೋಟ್‌ಬುಕ್ಕು ಹಿಡಿದುಕೊಂಡು ಇಪ್ಪತ್ತೊಂಬತ್ತರ ಸಭೆಗೆ ಹೋಗುತ್ತೇನೆ.

ಅತ್ತೆ

*

ಜುಲೈ 8

ಗೂಬೆಗೆ,

ಸಭೆಯಾಯಿತು. ಲೈಬ್ರರಿಯ ಮೇಲಿನ ಕೋಣೆ, ಹದಿನಾಲ್ಕು ಮಂದಿ, ಒಂದು ಫ್ಯಾನು. ಡಾಕ್ಟರು ನಿನ್ನ ಫಾರಂ ಓದಿದರು. ‘ಹಕ್ಕಿಯ ದೂರ’ ಎಂಬಲ್ಲಿ ‘ಗೊತ್ತಿಲ್ಲ’, ‘ಕಂಡ ಗುರುತುಗಳು’ ಎಂಬಲ್ಲಿ ‘ಏನೂ ಇಲ್ಲ, ಹಸಿರು ಮಾತ್ರ’. ಯಾರೋ ಕಿಸಕ್ಕೆಂದರು. ನಾನು ಎದ್ದು ನಿಂತು ನೋಟ್‌ಬುಕ್ಕಿನ ಪುಟ ತೆರೆದು ಮೇಜಿನ ಮೇಲಿಟ್ಟೆ. ಆಮೇಲೆ ಯಾರೂ ನಗಲಿಲ್ಲ.

ಮುಂದೆ ಏನಾಗಿರಬಹುದು ಎಂದುಕೊಂಡೆ? ತಪ್ಪು ಒಪ್ಪಿಕೊಂಡ ದೊಡ್ಡ ಮನಸ್ಸು ಎಂದು ಬೆನ್ನು ತಟ್ಟಿದರು ಎಂದುಕೊಂಡೆಯಾ? ನಾನೂ ಒಳಗೊಳಗೇ ಅದನ್ನೇ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಜೌಗುಕೋಳಿಯನ್ನು ಜಿಲ್ಲೆಯ ಪಟ್ಟಿಯಿಂದ ಹೊಡೆದುಹಾಕಿದರು. ನಾನೊಬ್ಬಳೇ ಕಂಡ ನಲವತ್ತೊಂದನ್ನು ಎತ್ತಿ ಬೇರೆ ಪುಟಕ್ಕೆ ಹಾಕಿದರು. ‘ದೃಢಪಟ್ಟಿಲ್ಲ’ ಎಂದು ಆ ಪುಟದ ತಲೆಬರಹ. ಇನ್ನು ಮುಂದೆ ನಾನೊಬ್ಬಳೇ ಕಂಡದ್ದು ಯಾವುದೂ ಲೆಕ್ಕಕ್ಕಿಲ್ಲ, ಗುಬ್ಬಚ್ಚಿಯಾದರೂ ಇನ್ನೊಬ್ಬರು ಜೊತೆಗಿರಬೇಕು. ಮಿಕ್ಕವರಿಗೆಲ್ಲ ಬಾಯಿಮಾತು ಸಾಕು. ನನಗೊಬ್ಬಳಿಗೆ ಈ ನಿಯಮ.

ಪಟ್ಟಿ ಇನ್ನೂರ ಎಪ್ಪತ್ತೈದಕ್ಕೆ ಬಂತು. ಪೋಸ್ಟ್‌ಮಾಸ್ತರು ಮೊದಲಾದರು. ಅವರು ಮಾತ್ರ ಮೆಟ್ಟಿಲವರೆಗೆ ಬಂದು, ‘ಯಾಕ್ರೀ ಹೇಳಿದ್ರಿ? ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ’ ಎಂದರು. ಸಿಟ್ಟಿನಲ್ಲಿ ಹೇಳಿದರು. ಅವರ ಕಣ್ಣು ತುಂಬಿತ್ತು. ಹೀಗೆ ಗೆಲ್ಲುವುದು ಅವರಿಗೂ ಬೇಕಿರಲಿಲ್ಲ.

ಆ ನಲವತ್ತೊಂದರಲ್ಲಿ ಒಂದೂ ಸುಳ್ಳಿಲ್ಲ. ಕೆಸರಲ್ಲಿ, ಬಿಸಿಲಲ್ಲಿ, ನಾಯಿ ಅಟ್ಟಿಸಿಕೊಂಡು ಬರುವಾಗ ಕಂಡವು. ಯಾರಿಗೆ ಹೇಳಲಿ? ನಿನ್ನ ಮೇಲೆ ಕೋಪವಿಲ್ಲ ಎಂದು ಬರೆಯಲು ಕೂತೆ. ಈ ಹೊತ್ತಿಗೆ ಸ್ವಲ್ಪ ಇದೆ. ಇಳಿಯುತ್ತದೆ, ಇರು.

ಅತ್ತೆ

*

ಜುಲೈ 16

ಅತ್ತೆ,

ಕೋಪ ಇರಲಿ. ಇಳಿಸಿಕೊಳ್ಳಲು ಅವಸರ ಮಾಡಬೇಡ.

ಫಾರಂ ಅಂಚೆಗೆ ಹಾಕಿದ ದಿನ ನಿರಾಳವಾಗಿ ನಿದ್ದೆ ಮಾಡಿದೆ. ನಿನ್ನ ಕಾಗದ ಓದಿ ಆ ನಿದ್ದೆಗೆ ನಾಚಿಕೆಯಾಯಿತು. ನನ್ನ ಹೊರೆ ಇಳಿಯಿತು, ಅದು ಹೋಗಿ ನಿನ್ನ ತಲೆಯ ಮೇಲೆ ಕೂತಿತು. ಕಾರ್ಯದರ್ಶಿಗಳಿಗೆ ಬರೆಯಲೇ ಎಂದು ಎರಡು ಸಲ ಪೆನ್ನು ಹಿಡಿದೆ. ಏನು ಬರೆಯಲಿ? ನಮ್ಮತ್ತೆ ಸುಳ್ಳು ಹೇಳುವವರಲ್ಲ ಎಂದೇ? ಅದನ್ನು ನನ್ನ ಬಾಯಲ್ಲಿ ಕೇಳಿ ನಂಬುವವರು ಯಾರು?

ಊಟ ಸರಿಯಾಗಿ ಮಾಡು. ಟೈಲರಮ್ಮನನ್ನು ಕೇಳಿ ತಿಳಿದುಕೊಳ್ಳುತ್ತೇನೆ.

ಗೂಬೆ

*

ಆಗಸ್ಟ್ 29

ಗೂಬೆಗೆ,

ಇದನ್ನು ಯಾರಿಗೂ ಹೇಳಿಲ್ಲ. ಇಪ್ಪತ್ತೆರಡು ದಿನದಿಂದ ಒಳಗಿಟ್ಟುಕೊಂಡಿದ್ದೇನೆ.

ಏಳನೇ ತಾರೀಕು ಬೆಳಿಗ್ಗೆ ನೀರು ಸರಬರಾಜಿನ ದೊಡ್ಡ ಕೆರೆಯ ಹಿಂಬದಿಗೆ ಹೋಗಿದ್ದೆ. ಒಬ್ಬಳೇ. ಲೆಕ್ಕಕ್ಕಿಲ್ಲ ಎಂದು ಗೊತ್ತಿದ್ದೂ ಹೋಗಿದ್ದೆ, ಕಾಲು ಸುಮ್ಮನಿರುವುದಿಲ್ಲ. ಅಲ್ಲಿ ಕರಿ ಕೊಕ್ಕರೆ ಇತ್ತು. ಜಿಲ್ಲೆಗೆ ಹೊಸದೇನಲ್ಲ, ಪೋಸ್ಟ್‌ಮಾಸ್ತರು ಎರಡು ಸಲ ಕಂಡಿದ್ದಾರೆ. ನನಗೆ ಮಾತ್ರ ನಲವತ್ತು ವರ್ಷದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದದ್ದು. ಅದು ಬಂದ ದಿನ ನಾನು ರಜೆಯಲ್ಲಿ ಬೇರೆಡೆ, ನಾನು ಹೋದ ದಿನ ಅದು ಹೊರಟುಹೋಗಿರುತ್ತಿತ್ತು. ಈ ಸಲ ಹನ್ನೊಂದು ನಿಮಿಷ ನೋಡಿದೆ. ಗಡಿಯಾರ ನೋಡಿ ಹೇಳುತ್ತಿದ್ದೇನೆ.

ಫೋಟೋ ಇಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ. ದಾರಿಯಲ್ಲಿ ಒಬ್ಬ ಹಾಲಿನವನು ಸಿಕ್ಕಿದ, ಅವನನ್ನು ಎಳೆದುಕೊಂಡು ವಾಪಸ್ಸು ಹೋಗುವಷ್ಟರಲ್ಲಿ ಹಾರಿಹೋಗಿತ್ತು. ‘ಎಲ್ಲಮ್ಮಾ ಹಕ್ಕಿ?’ ಎಂದು ಅವನು ಕೇಳಿದ. ಮನೆಗೆ ಬಂದು ಅತ್ತುಬಿಟ್ಟೆ. ಅರವತ್ತೆಂಟು ವರ್ಷದವಳು ಅಡುಗೆಮನೆಯಲ್ಲಿ ನಿಂತು ಚಿಕ್ಕ ಮಗುವಿನ ಹಾಗೆ ಅತ್ತೆ.

ಡಾಕ್ಟರಿಗೆ ಹೇಳುವುದಿಲ್ಲ. ಪಟ್ಟಿಗೂ ಬೇಡ. ಈ ಜಗತ್ತಿನಲ್ಲಿ ಒಬ್ಬರಾದರೂ ನಾನು ಅದನ್ನು ಕಂಡೆ ಎಂದು ನಂಬಿದರೆ ಸಾಕು ಎನಿಸಿತು, ಅದಕ್ಕೆ ನಿನಗೆ ಬರೆದೆ. ನೀನು ನಂಬುತ್ತೀಯಾ? ತಕ್ಷಣ ಹೂಂ ಎನ್ನಬೇಡ. ನನ್ನ ಸಂತೋಷಕ್ಕೆ ಹೂಂ ಎನ್ನುವುದಾದರೆ ಉತ್ತರವನ್ನೇ ಬರೆಯಬೇಡ.

ಅತ್ತೆ

*

ಸೆಪ್ಟೆಂಬರ್ 5

ಅತ್ತೆ,

ಹೂಂ ಎಂದು ಬರೆದು, ಲಕೋಟೆಗೆ ಹಾಕಿ, ಮತ್ತೆ ತೆಗೆದು ಹರಿದುಹಾಕಿದೆ.

ಇದಕ್ಕೆಲ್ಲ ಉತ್ತರ ಬರಿ. ಹಕ್ಕಿ ನಿನ್ನಿಂದ ಎಷ್ಟು ದೂರದಲ್ಲಿತ್ತು, ದೂರವನ್ನು ಹೇಗೆ ಅಳೆದೆ? ಬೆಳಕು ಯಾವ ಕಡೆಯಿಂದ ಬರುತ್ತಿತ್ತು? ಕೊಕ್ಕಿನ ಬಣ್ಣ ಯಾವುದು, ಕಾಲಿನದು ಯಾವುದು? ಹೊಟ್ಟೆಯ ಭಾಗ ಹೇಗಿತ್ತು? ನಿಂತಿತ್ತೋ, ನಡೆಯುತ್ತಿತ್ತೋ, ಏನು ಮಾಡುತ್ತಿತ್ತು? ಹಾರುವಾಗ ಕತ್ತು ಚಾಚಿತ್ತೋ, ಮಡಿಸಿತ್ತೋ? ಬೇರೆ ಯಾವ ಹಕ್ಕಿ ಇರಬಹುದು ಎಂದು ಮೊದಲು ಅನುಮಾನ ಬಂತು, ಅದಲ್ಲ ಎಂದು ಯಾವುದರಿಂದ ತೀರ್ಮಾನಿಸಿದೆ?

ಇವುಗಳಿಗೆ ಸರಿಯಾದ ಉತ್ತರ ಯಾವುದು ಎಂದು ನನಗೆ ಗೊತ್ತಿಲ್ಲ. ಪುಸ್ತಕ ತೆರೆದು ನೋಡಿಲ್ಲ, ನಿನ್ನ ಕಾಗದ ಬರುವ ತನಕ ನೋಡುವುದೂ ಇಲ್ಲ. ಆಮೇಲೆ ಕೂತು ಒಂದೊಂದನ್ನೇ ತಾಳೆ ನೋಡುತ್ತೇನೆ. ನಂಬುತ್ತೇನೋ ಇಲ್ಲವೋ ಅಂದು ಹೇಳುತ್ತೇನೆ, ನೀನು ಅಳುವುದಾದರೂ ಹೇಳುತ್ತೇನೆ.

ನಿನ್ನ ಅಳಿಯ